ಮಗ್ಗ ನಿಂತ ಸಂಜೆಯ ಕಾರ್ಟೂನು

ಆಗ ಬನಹಟ್ಟಿಯ ನಮ್ಮ ಓಣಿಯಲ್ಲಿ ನಾವು ಟಿವಿ ನೋಡುತ್ತಿದ್ದೆವು, ಕೇಳುತ್ತಿರಲಿಲ್ಲ. ಗೋಡೆಯಾಚೆ ಪವರ್‌ಲೂಮ್ ಖಟಖಟ ಬಡಿಯುವಾಗ ಏನು ಕೇಳಬೇಕು, ಮಣ್ಣು! ನೇಕಾರರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಜಿ ಹಾಕಿದ ನೂಲಿನ ವಾಸನೆ, ಮಗ್ಗದ ಎಣ್ಣೆಯ ವಾಸನೆ, ಅದರ ನಡುವೆಯೇ ಒಗ್ಗರಣೆ ಚುರಮರಿ ತಿನ್ನುತ್ತ ನಾನೂ ತಂಗಿ ಗೀತಾಳೂ ಒಂದು ಕುಟುಂಬದ ಕಾರ್ಟೂನು ನೋಡುತ್ತಿದ್ದೆವು. ಬಸ್ಸು ಓಡಿಸುವ ಬೋಳುತಲೆಯ ಅಪ್ಪ, ಸದಾ ಬೈಯುವ ಅವ್ವ, ಇಬ್ಬರು ಕಿಡಿಗೇಡಿ ಮಕ್ಕಳು. ಕನ್ನಡಕ್ಕೆ ಡಬ್ ಆಗಿದ್ದರೂ ನಮಗೆ ಕೇಳದ ಕಾರಣ ಮಾತುಗಳನ್ನು ನಾವೇ ಹಚ್ಚುತ್ತಿದ್ದೆವು. ಆ ಬೋಳಪ್ಪ ಬಾಯಿ ತೆರೆದನೆಂದರೆ ಗೀತಾ, "ಏನಬೇ, ರೊಟ್ಟಿ ಬಡದಿಯೋ ಇಲ್ಲೋ?" ಅನ್ನುವಳು. ನಕ್ಕು ನಕ್ಕು ಚುರಮರಿ ನೆತ್ತಿಗೇರುತ್ತಿತ್ತು.

ಈಚೆಗೆ ಅದರ ಮೊದಲ ಸೀಸನ್ ಪೂರ್ತಿ ಮೊಬೈಲಿನಲ್ಲಿ ಸಿಕ್ಕಿತು. ಮುಧೋಳದಿಂದ ತವರಿಗೆ ಬಂದಾಗ ಅವ್ವನ ಪಕ್ಕದಲ್ಲೇ ಕುಳಿತು ಒಂದೊಂದೇ ಕಂತು ನೋಡಿದೆ. ಹಳೆಯ ಖುಷಿಗಾಗಿ ಅಂದರೆ ಸುಳ್ಳಾದೀತು. ನನಗೆ ಬೇಕಿದ್ದದ್ದು ಒಂದೇ ಕಂತು. ಅದರಲ್ಲಿ ಒಬ್ಬ ಹೆಂಗಸು ಮಕ್ಕಳನ್ನು ಕೂಗುತ್ತಾಳೋ ಇಲ್ಲವೋ, ಅಷ್ಟು ತಿಳಿಯಬೇಕಿತ್ತು.

ಆ ಕಂತು ಟಿವಿಯಲ್ಲಿ ಬಂದದ್ದು ಒಂದು ರವಿವಾರ ಸಂಜೆ. ಅಪ್ಪ ತೇರದಾಳಕ್ಕೆ ಹೋಗಿದ್ದ. ನಮ್ಮ ಎರಡು ಮಗ್ಗಗಳಲ್ಲಿ ಒಂದರ ನೂಲು ಮುಗಿದಿತ್ತು, ಇನ್ನೊಂದನ್ನು ಅವ್ವ ಒಬ್ಬಳೇ ನಡೆಸುತ್ತಿದ್ದಳು. ಕಾರ್ಟೂನು ಶುರುವಾಗಿ ಐದು ನಿಮಿಷವಾಗಿರಬೇಕು, ಮಗ್ಗ ಒಮ್ಮೆಲೇ ನಿಂತಿತು.

"ಅಕ್ಕಾ, ಮಗ್ಗ ನಿಂತೈತಿ," ಎಂದಳು ಗೀತಾ.

"ತ್ರೀ ಫೇಸ್ ಹೋಗಿರಬೇಕು ತಗೋ. ಛಲೋ ಆತು!"

ನಮ್ಮ ಕಡೆ ತ್ರೀ ಫೇಸ್ ಹೋದರೆ ಮಗ್ಗ ನಿಲ್ಲುತ್ತದೆ, ದೀಪ, ಟಿವಿ ಮಾತ್ರ ನಡೆಯುತ್ತವೆ. ಮಕ್ಕಳಿಗೆ ಅದೇ ಹಬ್ಬ. ಅಂಥ ಹೊತ್ತಿನಲ್ಲಿ ಅವ್ವನೂ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು ನಮ್ಮೊಡನೆ ಕೂಡುತ್ತಿದ್ದಳು. ಅಂದು ಬರಲಿಲ್ಲ. ಇನ್ನೂ ಒಂದು ಮಾತಿದೆ. ತ್ರೀ ಫೇಸ್ ಹೋದರೆ ಓಣಿಯ ಎಲ್ಲ ಮಗ್ಗಗಳೂ ನಿಲ್ಲಬೇಕು. ಆಚೆ ಮನೆಯ ಮಗ್ಗಗಳು ಬಡಿಯುತ್ತಲೇ ಇದ್ದವು. ನೇಕಾರರ ಮಗಳಿಗೆ ಅಷ್ಟು ತಿಳಿಯಬಾರದೇ? ಥೂ ನನ್ನ!

ಆಗಲೇ ಒಂದು ಹೆಂಗಸಿನ ಧ್ವನಿ ಕೇಳಿತು. ಮಾತು ಸ್ಪಷ್ಟವಿರಲಿಲ್ಲ.

"ಅವ್ವ ಕರದಂಗಾತು," ಎಂದು ಗೀತಾ ಎದ್ದಳು.

"ಟಿವ್ಯಾಗ ಕರದಾರಲೇ, ಸುಮ್ಮ ಕುಂದರ."

ಮಗ್ಗ ನಿಂತಾಗ ಅವ್ವ ಕರೆದಳೆಂದರೆ ಕೈರಾಟಿಯ ಮುಂದೆ ಕೂಡ್ರಿಸಿ ನೂಲು ಸುತ್ತಿಸುತ್ತಾಳೆಂದು ಗೊತ್ತಿತ್ತು. ನಾನು ರಿಮೋಟ್ ಎತ್ತಿ ಧ್ವನಿ ಏರಿಸಿದೆ.

ಕಂತು ಮುಗಿದ ಮೇಲೆ ಇನ್ನಷ್ಟು ಚುರಮರಿ ಕೇಳಲು ಒಳಗೆ ಹೋದೆವು. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಎಡಗಣ್ಣಿಗೆ ಒತ್ತಿ ಹಿಡಿದ ಸೆರಗು ತೊಯ್ದು ಕೆಂಪಾಗಿತ್ತು. ಮಗ್ಗದಿಂದ ಸಿಡಿದ, ನೂಲು ಒಯ್ಯುವ ಚೂಪು ತುದಿಯ ಲಾಳಿ ಅವಳ ಕಾಲ ಬಳಿ ಬಿದ್ದಿತ್ತು. ಗೀತಾ ಚೀರಿದಳು. ಆಚೆ ಮನೆಯ ಕಾಕಾ ಅವ್ವನನ್ನು ಬೈಕಿನಲ್ಲಿ ಜಮಖಂಡಿಯ ದವಾಖಾನೆಗೆ ಒಯ್ದ. ಲಗೂನೆ ಬಂದಿದ್ದರೂ ಕಣ್ಣು ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ರಾತ್ರಿ ಅಪ್ಪ ಕೇಳಿದಾಗ ನಾನು, "ಕಾರ್ಟೂನಿನ ಅವ್ವ ಕರದಾಳ ಅಂತ ತಿಳದ್ವಿ," ಎಂದೆ. ಎಲ್ಲರೂ ನಂಬಿದರು. ಹೇಳಿ ಹೇಳಿ ನಾನೂ ನಂಬಿದೆ.

ಈಗ ಆ ಕಂತು ನನ್ನ ಕೈಯಲ್ಲೇ ಓಡುತ್ತಿತ್ತು. ಅದರಲ್ಲಿ ಕಾರ್ಟೂನಿನ ಅವ್ವ ಮೊದಲ ದೃಶ್ಯದಲ್ಲೇ ಚೀಲ ಹಿಡಿದು ತವರಿಗೆ ಹೋಗಿಬಿಡುತ್ತಾಳೆ. ಕೊನೆಯವರೆಗೂ ಅಪ್ಪ, ಮಕ್ಕಳು ಮಾತ್ರ. ಒಬ್ಬ ಹೆಂಗಸೂ ಬಾಯಿ ತೆರೆಯುವುದಿಲ್ಲ. ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ.

"ಅವ್ವಾ, ಇದರಾಗ ಯಾರೂ ಕರದಿಲ್ಲಬೇ," ಅಂದೆ. "ನೀನ ಕರದಿದ್ದಿ. ನನಗ ಕೇಳಿತ್ತು."

ಅವ್ವ ಶೇಂಗಾ ಸುಲಿಯುತ್ತಿದ್ದಳು. "ಗೊತ್ತೈತಿ," ಎಂದಳು.

"ಹೆಂಗ?"

"ನಾ ಕರದ ಕೂಡ್ಲೆ ಟಿವಿ ಸಪ್ಪಳ ಏರಿತಲ್ಲ."

ನಾನು ಮೊಬೈಲು ಕೆಳಗಿಟ್ಟೆ. "ಇಷ್ಟ ವರ್ಷ ಯಾಕ ಅನಲಿಲ್ಲ?"

"ಅಂದಿದ್ರ ಕಣ್ಣ ಬರತಿತ್ತೇನು? ಸಣ್ಣಾಕಿ ಇದ್ದಿ, ಬಿಡು." ಇನ್ನೊಂದು ಬೊಗಸೆ ಶೇಂಗಾ ಮೊರಕ್ಕೆ ಸುರಿದುಕೊಂಡಳು.

ಮಗ್ಗಗಳನ್ನು ಅಪ್ಪ ಎಂದೋ ಮಾರಿದ. ಮನೆಯಲ್ಲಿ ಈಗ ಗಡಿಯಾರದ ಸಪ್ಪಳವೂ ಕೇಳುತ್ತದೆ. ಆ ಸಂಜೆ ಏನು ಹೋಯಿತೆಂದರೆ ಎಲ್ಲರೂ ಅವ್ವನ ಎಡಗಣ್ಣು ತೋರಿಸುತ್ತಾರೆ. ನಾನು ಕಳೆದುಕೊಂಡದ್ದು ಬೇರೆ, ಅದು ನನಗೆ ಈಗ ತಿಳಿಯಿತು. ಅಂದಿನಿಂದ ಹಾಲು ಉಕ್ಕಲಿ, ಜ್ವರ ಬರಲಿ, ಅವ್ವ ಕೂಗುತ್ತಿದ್ದದ್ದು ಗೀತಾಳನ್ನೇ. ಗೀತಾ ಚಿಕ್ಕವಳು, ಮುದ್ದಿನವಳು, ಅದಕ್ಕೇ ಎಂದುಕೊಂಡಿದ್ದೆ. ಗೀತಾ ಮದುವೆಯಾಗಿ ಬೀಳಗಿಗೆ ಹೋದಳು. ಹೋದ ವರ್ಷ ನಾನು ತವರಿಗೆ ಬಂದಿದ್ದಾಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಗೋಡೆ ಬಡಿದು ಆಚೆ ಮನೆಯ ಕಾಕಾನನ್ನು ಕೂಗಿದಳು.

ನಾನು ನಡುಮನೆಯಲ್ಲೇ ಕುಳಿತಿದ್ದೆ.