ವಾಪಸ್ ಕೊಡಬೇಕಾಗಿದ್ದ ರಕ್ತ

ಮೊದಲೇ ಹೇಳಿಬಿಡುತ್ತೇನೆ, ಮಾಟ-ಮಂತ್ರ ನಂಬುವ ಪೈಕಿ ನಾನಲ್ಲ. ನಮ್ಮಜ್ಜ ಪಂಚಾಂಗ ಹೇಳುವವರು. ದಾರಿಯಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಊರು ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ನಾನು ಅದೇ ನಿಂಬೆಹಣ್ಣನ್ನು ಚೆಂಡಿನಂತೆ ಒದ್ದು ಬೆಳೆದವನು. ಮುಂದೆ ಸವದತ್ತಿಯ ಸಣ್ಣ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದೆ. ದಿನಾ ಹತ್ತಾರು ಜನರ ರಕ್ತ ಕೈಯಲ್ಲಿ ಹಿಡಿಯುವವನಿಗೆ, ರಕ್ತ ಹಚ್ಚಿದ ಎಲುಬಿನಿಂದ ಯಾರದೋ ಮನೆ ಹಾಳು ಮಾಡಬಹುದು ಎಂಬ ಮಾತು ಕೇಳಿದರೆ ನಗು ಬಾರದೆ ಇನ್ನೇನು? ಈಗಲೂ ನಗುತ್ತೇನೆ. ಆದರೆ ಆರು ವರ್ಷದ ಹಿಂದಿನ ಒಂದು ದಿನ ನೆನಪಾದರೆ ಆ ನಗು ಅರ್ಧಕ್ಕೇ ನಿಲ್ಲುತ್ತದೆ.

ಅಂದು ಬೆಳಗ್ಗೆ ಉಗರಗೋಳದ ಆಚೆಯ ಹಳ್ಳಿಯಿಂದ ನಿಂಗಪ್ಪ ಎಂಬಾತ ಬಂದಿದ್ದ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್. ಅವನ ಹೆಂಡತಿ ರೇಣುಕಾಗೆ ಏಳು ತಿಂಗಳು ತುಂಬಿತ್ತು. ಹಿಂದೆ ಎರಡು ಸಲ ಇದೇ ಏಳನೇ ತಿಂಗಳಲ್ಲಿ ಕೂಸು ಹೋಗಿತ್ತು. ಈ ಸಲವೂ ಕಾಲು ಬಾತು, ಮುಖ ಸುಣ್ಣ ಬಳಿದಂತೆ ಬಿಳುಚಿಕೊಂಡಿತ್ತಂತೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದಿದ್ದರು. ಆದರೆ ಅವನ ತಾಯಿ ಬಸವ್ವ ಸೊಸೆಯ ಒಂದು ಹನಿ ರಕ್ತವನ್ನೂ ಮನೆಯ ಹೊರಗೆ ಬಿಡಲು ಒಪ್ಪುತ್ತಿರಲಿಲ್ಲ. "ಸರ್, ನೀವಽ ಬಂದು ನಮ್ಮವ್ವಗ ಒಂದ್ ಮಾತ್ ಹೇಳ್ರಿ" ಎಂದು ನಿಂಗಪ್ಪ ನನ್ನ ಕೈ ಹಿಡಿದುಕೊಂಡ. ಇಲ್ಲವೆನ್ನಲಾಗದೆ ಬೈಕು ಹತ್ತಿದೆ.

ಬಸವ್ವ ಗಟ್ಟಿ ಹೆಂಗಸು. ನನ್ನನ್ನು ಕೂರಿಸಿ, ನೀರು ಕೊಟ್ಟು, ಸುತ್ತಿ ಬಳಸದೆ ವಿಷಯಕ್ಕೆ ಬಂದಳು. ಎರಡನೇ ಕೂಸು ಹೋದ ವಾರದಲ್ಲೇ ಹಿತ್ತಲಿನ ಬಣವೆಯ ಬುಡದಲ್ಲಿ ಕಪ್ಪು ಬಟ್ಟೆಯ ಗಂಟೊಂದು ಸಿಕ್ಕಿತ್ತಂತೆ. ಒಳಗೆ ರಕ್ತ ಮೆತ್ತಿದ ಸಣ್ಣ ಎಲುಬುಗಳು, ಅವಕ್ಕೆ ಸುತ್ತಿದ ರೇಣುಕಾಳ ಕೂದಲು. ಅಂದಿನಿಂದ ಆ ಮನೆಯಲ್ಲಿ ಸೊಸೆ ಬಾಚಿದ ಕೂದಲು ಒಲೆಗೆ, ಕತ್ತರಿಸಿದ ಉಗುರು ಮಣ್ಣಿಗೆ.

"ಕೂದಲದಾಗಽ ಇಷ್ಟ್ ಮಾಡ್ಯಾರ. ರಕ್ತ ಸಿಕ್ರ ಬಿಡತಾರೇನ್ರಿ? ನೀವು ತಪಾಸ್ ಮಾಡಿ ಉಳದದ್ದು ಎಲ್ಲಿ ಹೋಗತೈತಿ, ಹೇಳ್ರಿ ನೋಡೋಣ."

ಹತ್ತು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಲ್ಯಾಬಿನ ಕಸದ ಚೀಲಕ್ಕೆ ಹೋಗುತ್ತದೆ, ಚೀಲವನ್ನು ಗಾಡಿ ಒಯ್ಯುತ್ತದೆ, ಎಲ್ಲಿಗೋ. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಉಳಿದ ರಕ್ತವನ್ನು ದೀಪ ಹಚ್ಚುವುದರೊಳಗೆ ನಾನೇ ವಾಪಸ್ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ.

ಬಸವ್ವ ಒಳಗೆ ಹೋಗಿ ಬೆರಳಿನ ಗೆಣ್ಣಿನಷ್ಟು ಉದ್ದದ ಎಲುಬೊಂದನ್ನು ತಂದಳು. ಗಂಟಿನಲ್ಲಿದ್ದ ಉಳಿದವನ್ನೆಲ್ಲ ಹೊಳೆಗೆ ಬಿಟ್ಟು ಇದೊಂದನ್ನು ಇಟ್ಟುಕೊಂಡಿದ್ದಳಂತೆ. "ಇದು ನಮ್ಮ ಮನಿ ಹುಡಕ್ಕೊಂಡು ಬಂದದ್ದು. ಹಾದಿ ಇದಕ್ಕ ಗೊತ್ತೈತಿ, ರಕ್ತಾನೂ ಕರಕೊಂಡು ಬರತೈತಿ" ಎಂದು, ನಾನು ರೇಣುಕಾಳ ರಕ್ತ ತೆಗೆದು ತುಂಬಿದ ಕೊಳವೆಗೆ ಅದನ್ನು ದಾರದಿಂದ ಕಟ್ಟಿದಳು. ಕೆಡುಕಿಗೆ ಬಂದ ಎಲುಬನ್ನೇ ದುಡಿಮೆಗೆ ಹಚ್ಚಿದ ಆಕೆಯ ಜಾಣತನಕ್ಕೆ ಒಳಗೊಳಗೇ ನಕ್ಕೆ. "ರಕ್ತ ಮನಿಗೆ ಬರೂತನಕ ಸೊಸಿ ಹೊಸ್ತಿಲಾ ದಾಟೂದಿಲ್ಲ, ದವಾಖಾನಿನೂ ಇಲ್ಲ, ಏನೂ ಇಲ್ಲ" ಎಂದಳು. ನಾನು ಇನ್ನೆರಡು ಲೋಟ ನೀರು ಕುಡಿದು ಹೊರಟೆ. ಆ ದಿನಗಳಲ್ಲಿ ನನಗೆ ವಿಪರೀತ ಬಾಯಾರಿಕೆ. ಬಿಸಿಲು ಎಂದುಕೊಂಡಿದ್ದೆ.

ಎಲುಬಿನ ಸಮೇತ ಕೊಳವೆ ಮಷೀನಿನಲ್ಲಿ ಹಿಡಿಯಲಿಲ್ಲ. ಎಲುಬನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡೆ. ವರದಿ ಬಂತು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಐದಕ್ಕೂ ಕಡಿಮೆ. ಡಾಕ್ಟರಿಗೆ ಫೋನ್ ಮಾಡಿದರೆ, ಇವತ್ತೇ ಧಾರವಾಡಕ್ಕೆ ಒಯ್ದು ರಕ್ತ ಹಾಕಿಸದಿದ್ದರೆ ತಾಯಿ-ಮಗು ಇಬ್ಬರೂ ಉಳಿಯುವುದು ಕಷ್ಟ ಎಂದರು. ನಿಂಗಪ್ಪನಿಗೆ ಜೀಪು ತರಲು ಹೇಳಿ, ಅದು ಬರುವಷ್ಟರಲ್ಲಿ ಉಳಿದ ಕೆಲಸ ಮುಗಿಸಿ, ಕೊಳವೆ ತೆಗೆದುಕೊಳ್ಳಲು ನೋಡುತ್ತೇನೆ, ಅದಿಲ್ಲ. ವರದಿ ಬಂದೊಡನೆ ಕೊಳವೆಯನ್ನು ಚೀಲಕ್ಕೆ ಎಸೆಯುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು. ಚೀಲ ಒಯ್ಯುವ ಗಾಡಿ ಬಂದು ಹೋಗಿ ಒಂದು ತಾಸಾಗಿತ್ತು.

ಎದುರಿನ ಸ್ಟ್ಯಾಂಡಿನಲ್ಲಿ ಬೇರೆಯವರ ರಕ್ತದ ಎಂಟು ಕೊಳವೆಗಳಿದ್ದವು. ಒಂದಕ್ಕೆ ಚೀಟಿ ಬದಲಿಸಿದರೆ ಮುಗಿಯಿತು. ಏನೂ ನಂಬದವನಿಗೆ ಯಾರ ರಕ್ತವಾದರೇನು? ಆದರೂ ಕೈ ಮುಂದಾಗಲಿಲ್ಲ. ಅಷ್ಟರಮಟ್ಟಿಗೆ ಅಜ್ಜ ನನ್ನೊಳಗೆ ಉಳಿದಿದ್ದರೇನೋ. ರಬ್ಬರ್ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದುಕೊಂಡು ನನ್ನ ಎಡಗೈಯಿಂದಲೇ ರಕ್ತ ತೆಗೆದೆ. ಮೇಲೆ ರೇಣುಕಾಳ ಹೆಸರು ಬರೆದು, ಅದೇ ಎಲುಬನ್ನು ಅದೇ ದಾರದಿಂದ ಕಟ್ಟಿದೆ. ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡು ಬೈಕು ಹತ್ತಿದೆ.

ಹೊತ್ತು ಮುಳುಗುವ ಮುಂಚೆ ತಲುಪಿದೆ. ಜೀಪು ಬಾಗಿಲಲ್ಲಿ ನಿಂತಿತ್ತು. ರೇಣುಕಾ ಹೊಸ್ತಿಲ ಒಳಗೆ ಚೀಲ ಹಿಡಿದು ಗೋಡೆಗೆ ಒರಗಿ ಕೂತಿದ್ದಳು. ಉಸಿರಾಡಲೂ ಕಷ್ಟಪಡುತ್ತಿದ್ದಳು. ಬಸವ್ವ ಕೊಳವೆಯನ್ನು ಇಸಿದುಕೊಂಡು ಎಲುಬಿನ ಸಮೇತ ಮುಷ್ಟಿಯಲ್ಲಿ ಹಿಡಿದಳು. ಕಣ್ಣು ಮುಚ್ಚಲಿಲ್ಲ, ಮಂತ್ರ ಹೇಳಲಿಲ್ಲ. ಸುಮ್ಮನೆ ಹಿಡಿದು ನಿಂತಳು, ಅಷ್ಟೇ.

"ಇದು ನಮ್ಮ ರೇಣುಕಾಂದಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಗಂಡಸಿಂದು. ನಿಮ್ದಽ ಹೌದಲ್ರಿ?"

ತೊದಲುತ್ತಾ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ನನ್ನ ಮರೆವಿನಿಂದ ಆ ಹುಡುಗಿ ಹೊಸ್ತಿಲ ಒಳಗೇ ಸಾಯುತ್ತಾಳೆ ಎಂದು ಕಣ್ಣಲ್ಲಿ ನೀರು ಬಂತು. ನಾಚಿಕೆಪಡದೆ ಹೇಳುತ್ತೇನೆ, ಆಕೆಯ ಕಾಲು ಹಿಡಿಯಲು ಬಾಗಿದೆ. ಬಸವ್ವ ನನ್ನ ಭುಜ ಹಿಡಿದು ನಿಲ್ಲಿಸಿದಳು.

"ಮಂದೀದು ತಂದು ಕೊಟ್ಟಿದ್ರ ಬಿಡತಿದ್ದಿಲ್ಲ. ನೀವು ನಿಮ್ದಽ ಕೊಟ್ಟೀರಿ, ನಡೀತೈತಿ. ಏಳ ರೇಣುಕಾ, ಗಾಡಿ ಹತ್ತು."

ಜೀಪು ಹೋಯಿತು. ಬಸವ್ವ ಆ ರಕ್ತವನ್ನು ಬಣವೆಯ ಬುಡಕ್ಕೆ ಸುರಿದು, ಎಲುಬನ್ನು ನನ್ನ ಕೈಗಿಟ್ಟಳು. ನಾನು ಬೈಕಿಗೆ ಕಿಕ್ ಹೊಡೆಯುವಾಗ ಹಿಂದಿನಿಂದ ಕೂಗಿದಳು. "ನಿಮ್ಮ ರಕ್ತದಾಗ ಸಿಹಿ ಭಾಳ ಐತಿ ನೋಡ್ರಿ. ಊರ ಮಂದೀದೆಲ್ಲಾ ತಪಾಸ್ ಮಾಡ್ತೀರಿ, ನಿಮ್ದೂ ಒಮ್ಮಿ ಮಾಡ್ಕೋರಿ."

ಮರುದಿನ ಬರಿಹೊಟ್ಟೆಯಲ್ಲಿ ನನ್ನ ರಕ್ತ ಪರೀಕ್ಷಿಸಿದೆ. ಸಕ್ಕರೆ ಮುನ್ನೂರು ದಾಟಿತ್ತು. ಮಷೀನು ಕೆಟ್ಟಿದೆಯೆಂದು ಮೂರು ಸಲ ನೋಡಿದೆ. ಕೆಟ್ಟಿರಲಿಲ್ಲ.

ನಾನು ಗಟಗಟ ನೀರು ಕುಡಿದದ್ದನ್ನು ನೋಡಿ ಬಸವ್ವ ಸಕ್ಕರೆ ಕಾಯಿಲೆ ಊಹಿಸಿರಬಹುದು. ನನ್ನ ಕಳ್ಳಮುಖವೇ ರಕ್ತದ ಗುಟ್ಟು ಹೇಳಿರಬಹುದು. ಆದರೆ ಆಕೆ ನನ್ನ ಮುಖ ನೋಡಿದ್ದು "ರೇಣುಕಾಂದಲ್ಲ" ಎಂದ ಮೇಲೆ. ಒಮ್ಮೆ ಆಕೆಯನ್ನೇ ಕೇಳಿದೆ. "ನನಗೇನ್ ಗೊತ್ರಿ, ಕೈಗೆ ಹಂಗ ಅನಿಸ್ತು" ಎಂದಳು. ಎಲುಬು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಎಸೆಯಬೇಕೆಂದುಕೊಳ್ಳುತ್ತೇನೆ, ಎಸೆದಿಲ್ಲ.

ಧಾರವಾಡದಲ್ಲಿ ರೇಣುಕಾಗೆ ಯಾರ್ಯಾರದೋ ರಕ್ತ ಹಾಕಿದರು. ಒಂಬತ್ತು ತುಂಬಿ ಹೆಣ್ಣುಮಗು ಹುಟ್ಟಿತು. ಹೋದ ಮಳೆಗಾಲದಲ್ಲಿ ಆ ಮಗುವಿಗೆ ಜ್ವರ ಬಂದಾಗ ಬಸವ್ವ ತಾನೇ ಅದನ್ನು ಎತ್ತಿಕೊಂಡು ಲ್ಯಾಬಿಗೆ ಬಂದಳು. ಅಳುವ ಮೊಮ್ಮಗಳ ಪುಟ್ಟ ಕೈಯನ್ನು ತಾನೇ ಹಿಡಿದು ನನ್ನ ಮುಂದೆ ಚಾಚಿದಳು. ರಕ್ತ ತೆಗೆದು, "ಉಳಿದದ್ದನ್ನ ವಾಪಸ್ ತಂದುಕೊಡಲೇನವ್ವ?" ಎಂದು ಕೇಳಿದೆ.

"ಬ್ಯಾಡ್ರಿ" ಎಂದಳು ಬಸವ್ವ, ಮಗುವಿನ ಕಣ್ಣೊರೆಸುತ್ತಾ. "ನಿಮ್ಮ ಕಡೇನಽ ಇರಲಿ."