ಒಲೆಯಿಲ್ಲದ ಮನೆ

ತಿಳಿದದ್ದನ್ನು ಎದುರಿಗಿದ್ದವರ ಕಿವಿಗೆ ಹಾಕದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಈ ಚಟಕ್ಕೆ ಹೆದರಿ ನನ್ನ ಹೆಂಡತಿ ನನ್ನೊಡನೆ ಗುಡಿ, ಕೋಟೆ ನೋಡುವುದನ್ನೇ ಬಿಟ್ಟಿದ್ದಾಳೆ. ಅಂಥ ನಾನು ಹಿರೇಬೆಣಕಲ್ ಗುಡ್ಡದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ ಅಂದರೆ ನೀವು ನಂಬಬೇಕು.

ಅವತ್ತು ಹೆಂಡತಿಯೂ ಸೇರಿ ನಾವು ಹೋದದ್ದು ಅವ್ವನ ಸಲುವಾಗಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಕುಕನೂರಿನ ಮನೆಯ ಹೊಸ್ತಿಲು ದಾಟಿದ್ದೇ ಅಪರೂಪ. ಅಪ್ಪನನ್ನು ಮಣ್ಣು ಮಾಡಿದ್ದು ನಮ್ಮ ಹೊಲದಲ್ಲೇ. ಆ ದಿಕ್ಕಿಗಂತೂ ಅವಳು ಮುಖ ಹಾಕಿರಲಿಲ್ಲ. ಎಳ್ಳಮಾವಾಸ್ಯೆಗೆ ಎಲ್ಲರೂ ಪೈರಿಗೆ ಎಡೆ ಎರಚುವ ಚರಗ ಚೆಲ್ಲಲು ಹೊಲಕ್ಕೆ ಹೊರಟರೆ ತಲೆನೋವೆಂದು ಮಲಗಿದ್ದಳು. ಊಟ ಅರ್ಧ ರೊಟ್ಟಿಗೆ ಇಳಿದಿತ್ತು. ಹೇಗಾದರೂ ಇವಳು ಮೊದಲಿನಂತಾದರೆ ಸಾಕಪ್ಪಾ ಅನ್ನಿಸಿತ್ತು.

ಆ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ ಮಾಡಿದ ಪುಟ್ಟ ಪುಟ್ಟ ಕೋಣೆಗಳಿವೆ. ಸುತ್ತಲಿನವರ ಬಾಯಲ್ಲಿ ಅವು ಮೋರ್ಯರ ಮನೆಗಳು: ಹಿಂದೆ ಕುಳ್ಳ ಜನರಿದ್ದರಂತೆ, ಅವರು ಕಟ್ಟಿಕೊಂಡು ಬಾಳಿದ್ದರಂತೆ. ಓದಿದವರು ಹೇಳುವುದು ಬೇರೆ. ಕಬ್ಬಿಣ ಕಾಯಿಸಿ ಬಡಿಯಲು ಆಗಷ್ಟೇ ಕಲಿತಿದ್ದ ಜನ ತಮ್ಮ ಸತ್ತವರಿಗಾಗಿ ಎತ್ತಿದ ಸಮಾಧಿಗಳು ಇವು. ಅವ್ವನಿಗೆ ಮೋರ್ಯರ ಕಥೆಯನ್ನಷ್ಟೇ ಹೇಳಿ, ದೂರದಿಂದ ತೋರಿಸಿ, ಊಟಕ್ಕೆ ಕೆರೆದಂಡೆಗೆ ಸಾಗಿಸುವುದು ನನ್ನ ಹಂಚಿಕೆ. ಆದರೆ ನಾನು ಏದುಸಿರು ಬಿಡುತ್ತ ಮೇಲೆ ತಲುಪುವಷ್ಟರಲ್ಲಿ ಅವ್ವ ದೊಡ್ಡದೊಂದು ಕೋಣೆಯ ನೆರಳಲ್ಲಿ ಬುತ್ತಿ ಬಿಚ್ಚಿ ಕೂತೇಬಿಟ್ಟಿದ್ದಳು.

ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳದ್ದು. ಸಮಾಧಿ ಅನ್ನುವ ಮಾತು ಬಿದ್ದರೆ ಅವ್ವ ಎದ್ದುಬಿಡುತ್ತಾಳೆ, ಮತ್ತೆ ಮನೆ ಸೇರಿದವಳು ಹೊರಬೀಳುವುದಿಲ್ಲ ಎಂಬ ಭಯ ಇಬ್ಬರಿಗೂ.

ನಮ್ಮ ಕಡೆಯ ಹೆಂಗಸರು ಯಾರ ಮನೆಗೆ ಹೋದರೂ ಮೊದಲು ಇಣುಕುವುದು ಅಡುಗೆಮನೆಯೊಳಕ್ಕೆ. ಅವ್ವನೂ ತಪಾಸಣೆ ಶುರು ಮಾಡಿದಳು. ಹೊಗೆ ಹೋಗಲು ದಾರಿ ಎಲ್ಲಿ ಎಂದಳು. ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿ ತೋರಿಸಿದೆ. ಒಲೆ ಎಲ್ಲಿ ಎಂದಳು. ಹೊರಗೇ ಅಡುಗೆ ಮಾಡುತ್ತಿದ್ದರು ಎಂದೆ. ಹಾಗಾದರೆ ಮಳೆಗಾಲದಲ್ಲಿ ಎಂದಳು. ನನಗೆ ಕೆಮ್ಮು ಬಂತು.

ಅವ್ವ ರೊಟ್ಟಿಯ ಚೂರೊಂದನ್ನು ಮುರಿದು, ಮೇಲೆ ಶೇಂಗಾ ಚಟ್ನಿ ಇಟ್ಟು, ಕಿಂಡಿಯ ಮುಂದೆ ಎಡೆ ಹಿಡಿದು ಕೈಮುಗಿದಳು.

“ಒಲಿ ಇಲ್ಲದ ಮನಿ ಎಲ್ಯಾರ ಇರತೈತೇನೋ? ಇದು ಗೋರಿ. ಹೇಳಿದ್ರ ನಾ ಎದ್ದು ಹೋಗತೀನಿ ಅಂತ ಅಂಜಿದಿ, ಹೌದಿಲ್ಲೋ?”

ಹೌದೆಂದು ತಲೆಯಾಡಿಸಿದೆ. ಅವ್ವ ಅಲ್ಲೇ ಕೂತು ಎರಡು ರೊಟ್ಟಿ ಉಂಡು ಮತ್ತೊಂದಕ್ಕೆ ಕೈಹಾಕಿದಳು. ನನಗಾದ ಸಮಾಧಾನವನ್ನು ಏನೆಂದು ಹೇಳಲಿ! ಇಷ್ಟು ಭಾರದ ಕಲ್ಲುಗಳನ್ನು ಗುಡ್ಡಕ್ಕೇರಿಸಿದವರ ಮನೆಯಲ್ಲೂ ಊಟ ಬಿಟ್ಟು ಕೂತ ಅವ್ವಂದಿರು ಇದ್ದಿರಬೇಕು. ಅವರಿಗೂ ಯಾವಾಗಲೋ ಹಸಿವಾಗಿರಬೇಕು.

ಬುತ್ತಿ ಕಟ್ಟುತ್ತ ಅವ್ವ ಎರಡು ರೊಟ್ಟಿಯನ್ನು ಬೇರೆ ತೆಗೆದಿಟ್ಟಳು. ಯಾರಿಗೆ ಎಂದು ಕೇಳಿದೆ.

“ಹೊಳ್ಳಿ ಹೋಗೂಮುಂದ ಹೊಲದ ಕಡೆ ಗಾಡಿ ತಿರುಗಿಸು” ಅಂದಳು. “ಗುರ್ತಿಲ್ಲದವರಿಗೆ ಉಣಿಸಿದೆ, ನಿಮ್ಮಪ್ಪನ್ನ ಉಪಾಸ ಕೆಡವೀನಿ.”