ಕೆಂಪು ಗಿಡಕ್ಕೆ ಚೀಲ ಹೊದಿಸಿದವನು

ಆಕೆಯ ಬಲಗೈಯ ಹಸಿರು ಬಳೆಗಳು ಸದಾ ಮೊಣಕೈವರೆಗೆ ಏರಿ, ಒಂದು ರಬ್ಬರ್ ಬ್ಯಾಂಡಿಗೆ ಸಿಕ್ಕಿಕೊಂಡಿರುತ್ತಿದ್ದವು. ದಿನವಿಡೀ ಕೈ ನೀರಿನೊಳಗೇ. ಸವಣೂರಿನಲ್ಲಿ ಮೀನು, ಟ್ಯಾಂಕು, ಅದರೊಳಗೆ ಬೆಳೆಯುವ ಗಿಡ ಮಾರುತ್ತಿದ್ದ ಆಕೆ ಊರಿಗೆಲ್ಲ ಮೀನಿನಂಗಡಿ ಅಕ್ಕ. ಗಿಡ ಕೊಡುವ ಮೊದಲು "ಟ್ಯಾಂಕ್ ಎಲ್ಲಿ ಇಟ್ಟೀರಿ?" ಎಂದು ಪೊಲೀಸರಂತೆ ವಿಚಾರಿಸುತ್ತಿದ್ದಳು. ನನ್ನನ್ನೂ ಕೇಳಿದಳು. "ಚಲೋ ಬೆಳಕಿನ್ಯಾಗ" ಎಂದು ಸುಳ್ಳು ಹೇಳಿದೆ.

ನಮ್ಮದು ಎಲೆತೋಟದ ಮನೆತನ. ವೀಳ್ಯದೆಲೆಗೆ ನೆರಳು, ತಂಪು ಬೇಕು ಎಂಬುದು ಹುಟ್ಟಿನಿಂದ ಬಂದ ಬುದ್ಧಿ. ಆಕೆಯಿಂದ ಕೆಂಪೆಲೆಯ ನೀರುಗಿಡ ತಂದವನೇ ಟ್ಯಾಂಕನ್ನು ಒಳಕೋಣೆಯ ಮೂಲೆಗಿಟ್ಟು, ಲೈಟ್ ಆರಿಸಿ, ಹಸಿ ಗೋಣಿಚೀಲ ಹೊದಿಸಿದೆ. ಕೆಲವೇ ವಾರದಲ್ಲಿ ಕೆಂಪೆಲೆ ಉದುರಿ ಹಸಿರೆಲೆ ಬಂದವು. ನಾನು ಸುಮ್ಮನಿರುವ ಮನುಷ್ಯನೇ? "ಬಣ್ಣ ಹಚ್ಚಿದ ಗಿಡ ಮಾರ್ತಾಳ, ಹುಷಾರ್ರಿ" ಎಂದು ವಿಡಿಯೊ ಹರಿಬಿಟ್ಟೆ. ಶಿಗ್ಗಾವಿ, ಹಾನಗಲ್ಲಿನವರೂ ಹಂಚಿಕೊಂಡರು. ಅಂಗಡಿಗೆ ಗಿರಾಕಿ ಬರುವುದೇ ನಿಂತುಹೋಯಿತು.

ಪಕ್ಕದ ಅಂಗಡಿಯ ಖಾರ-ಚುರುಮುರಿ ವ್ಯಾಪಾರಿ ಆಕೆಗೆ, "ತಪ್ಪಾತು ಅಂದಬಿಡ್ರಿ, ಮುಗದ ಹೋಗತೈತಿ" ಎಂದನಂತೆ.

"ಮಾಡಲಾರದ ತಪ್ಪ ಒಪ್ಪಾಕ ಹುಚ್ಚ ಹಿಡದೈತೇನ ನನಗ? ಅಂಗಡಿ ಬೇಕಾರ ಮುಚ್ಚತೇನಿ."

ಮರುದಿನ ನೆಟ್ಟಗೆ ನನ್ನ ಮನೆಗೇ ಬಂದಳು. ಒಳಕೋಣೆಗೆ ನುಗ್ಗಿ ಚೀಲ ಎತ್ತಿದಳು.

"ಅಲ್ರೀ ಅಣ್ಣಾರ, ಮೀನಿಗೇನ ಥಂಡಿ ಹತ್ತಿತ್ತೇನ?"

"ಎಲಿಗೆ ನೆರಳ ಬೇಕಲ್ಲರಿ..."

"ನಿಮ್ಮ ಬಳ್ಳಿಗೆ ಬೇಕು. ಬಿಸಲಿಗೆ ನೀವು ತಲಿಮ್ಯಾಲೆ ಟಾವೆಲ್ ಹಾಕ್ಕೋತೀರಿಲ್ಲೊ? ಹಂಗ, ಜೋರ ಬೆಳಕ ಬಿದ್ರ ಈ ಗಿಡ ಕೆಂಪ ಹೊಚ್ಚಕೋತೈತಿ. ಕತ್ತಲ್ಯಾಗ ಯಾಕ ಬೇಕದು? ಇದ್ದಷ್ಟ ಬೆಳಕ ಹಿಡ್ಯಾಕ ಹಸರ ಆಗತೈತಿ."

ಆ ಹಸಿರು ಕಡ್ಡಿಯನ್ನೇ ಒಯ್ದು ಅಂಗಡಿಯ ಮುಂದಿನ ಟ್ಯಾಂಕಿನಲ್ಲಿ ನೆಟ್ಟಳು. ಮೇಲೆ ಝಗಝಗಿಸುವ ಲೈಟ್. ಪಕ್ಕಕ್ಕೆ ಪಾಟಿಯೊಂದರ ಮೇಲೆ ಬರೆದು ತೂಗುಹಾಕಿದಳು: "ಬಣ್ಣ ಹಚ್ಚಿದ ಗಿಡ. ದಿನಾ ಬಂದು ನೋಡ್ರಿ." ಹುಲಗೂರು ಬಸ್ಸಿಗೆ ಕಾಯುವವರೆಲ್ಲ ಬಂದು ನೋಡಿದರು, ನಕ್ಕರು. ಮೂರನೇ ವಾರಕ್ಕೆ ಕುಡಿಯಲ್ಲಿ ತಾಮ್ರದ ಬಣ್ಣ ಮೂಡಿತು, ಆಮೇಲೆ ಅಪ್ಪಟ ಕೆಂಪು. ಕೆಳಗೆ, ನನ್ನ ಮನೆಯ ಕತ್ತಲಲ್ಲಿ ಬೆಳೆದ ಎಲೆಗಳು ಹಸಿರಾಗಿಯೇ ಉಳಿದವು. ಒಂದೇ ಕಡ್ಡಿ. ನಕ್ಕವರೇ ಮತ್ತೆ ಬಂದು ಬಗ್ಗಿ ನೋಡಿದರು.

ನಾನು ತಲೆ ತಗ್ಗಿಸಿ, "ಆ ವಿಡಿಯೊ ಅಳಸತೇನ್ರಿ ಅಕ್ಕಾರ" ಎಂದೆ.

"ಅಳಸಬ್ಯಾಡ್ರಿ! ಅದನ್ನ ನೋಡಿ ನಂಬಿದವ್ರಿಗೆ ಖರೇ ಹೇಳವ್ರ್ಯಾರು? ಅದರ ಕೆಳಗ ಇನ್ನೊಂದ ವಿಡಿಯೊ ಹಾಕಿ ಈ ಗಿಡಾ ತೋರಸ್ರಿ. ಚೀಲಾ ಹೊಚ್ಚಿದ್ದೂ ಹೇಳ್ರಿ."

ಹೇಳಿದೆ. ನಾಲ್ಕು ತಾಲ್ಲೂಕು ನಕ್ಕಿತು. ಆಕೆಯ ಅಂಗಡಿಗೆ ಜನ ಮರಳಿದರು.

ಹೋದ ವರ್ಷ ಅಕ್ಕ ತೀರಿಕೊಂಡಳು. ಆ ಕಡ್ಡಿಯ ತುಂಡುಗಳು ನನ್ನ ಪಡಸಾಲೆಯ ಟ್ಯಾಂಕಿನಲ್ಲಿ, ಲೈಟಿನ ಕೆಳಗೆ ಕೆಂಪಗಿವೆ. ಇವತ್ತಿಗೂ ಯಾರಾದರೂ ಹಳೆಯ ವಿಡಿಯೊ ಹುಡುಕಿ, "ಏನ್ರಿ ಚೀಲದಣ್ಣಾ" ಎಂದು ಬರೆಯುತ್ತಾರೆ. ಬರೆಯಲಿ. ಎರಡೂ ವಿಡಿಯೊ ಅಲ್ಲೇ ಇವೆ, ಒಂದರ ಕೆಳಗೊಂದು. ನಾನಿರುವವರೆಗೆ ಅಳಿಸುವುದಿಲ್ಲ.